ಪೊಲೀಸ್ ಹುತಾತ್ಮರ ದಿನ ಅಕ್ಟೋಬರ್ 21ರಂದೇ ಯಾಕೆ?

ಆ ದಿನಾಂಕ ಸುಮ್ನೆ ಆರಿಸಿದ್ದಲ್ಲ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ, ಗಸ್ತಿಗೆ ಹೋಗಿ ವಾಪಸ್ ಬಾರದ ಸಂಗಡಿಗರನ್ನು ಹುಡುಕುತ್ತಾ ಹೊರಟ ನಮ್ಮ ಪೊಲೀಸರ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಅವರ ದೇಹಗಳು ನಮಗೆ ಸಿಕ್ಕಿದ್ದು ನವೆಂಬರ್ 13ಕ್ಕೆ. ಮೂರು ವಾರಕ್ಕೂ ಜಾಸ್ತಿ! ನೆನೆದರೆ ಈಗಲೂ ಸಂಕಟವಾಗುತ್ತದೆ. ಆಗ ಅಲ್ಲಿ ಗಡಿ ಕಾಯುತ್ತಿದ್ದವರು ಪೊಲೀಸರೇ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ಅಲ್ವಾ?

ಈ ದಿನದ ಕವಾಯತಿನಲ್ಲಿ, ಹಿಂದಿನ ಒಂದು ವರ್ಷದಲ್ಲಿ ಕೆಲಸದ ಮೇಲಿದ್ದಾಗ ಪ್ರಾಣ ಬಿಟ್ಟ ಪೊಲೀಸರ ಹೆಸರು ಓದುತ್ತಾರೆ. ನನಗಂತೂ ಭಾಷಣಗಳಿಗಿಂತ ಆ ಹೆಸರುಗಳೇ ಹೆಚ್ಚು ತಟ್ಟುತ್ತವೆ. ಆಮೇಲೆ ಕಹಳೆ, ಮೌನ. 2018ರಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವೂ ಆಯಿತು. 30 ಅಡಿ ಎತ್ತರದ ಒಂದೇ ಕಲ್ಲು, ಪಕ್ಕದಲ್ಲಿ ಹೆಸರು ಕೆತ್ತಿದ ಗೋಡೆ.