ಓದುಗರ ಪ್ರಶ್ನೆ: ಕುದುರೆ ಮೇಲಿನ ಹಾಡು

ಪ್ರಶ್ನೆ: ಜೀನ್ ಆಟ್ರಿಯ ಹಳೇ ಕೌಬಾಯ್ ಚಿತ್ರ ನೋಡಿದೆ. ಕುದುರೆ ಮೇಲೆ ಹಾಡುತ್ತಾ ಹೋದರೂ ಏದುಸಿರಿಲ್ಲ, ಗೊರಸಿನ ಸದ್ದೂ ಅಡ್ಡ ಬರುವುದಿಲ್ಲ. ಹಾಡಿದ್ದು ಅವರೇನಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ದನಿ ಅವರದೇ. ಆದರೆ ಇಂಥ ಹಾಡುಗಳನ್ನು ಸಾಮಾನ್ಯವಾಗಿ ಮೊದಲೇ ಮೈಕಿನ ಮುಂದೆ ಹಾಡಿಸಿ, ಬಯಲಲ್ಲಿ ಅದನ್ನೇ ಹಾಕಿ ತುಟಿ ಆಡಿಸುತ್ತಿದ್ದರು. ಇನ್ನೊಬ್ಬರ ದನಿಗೆ ತುಟಿ ಆಡಿಸಿದವರೂ ಇದ್ದರು. 1933ರಲ್ಲಿ ಹಾಡುವ ಕೌಬಾಯ್ ಆದ ಜಾನ್ ವೇನ್ ಅಂಥವರಲ್ಲಿ ಒಬ್ಬರು. ನಮಗಿದು ಹೊಸದೇನಲ್ಲ. ಬಹುಕಾಲ ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಹಾಡಿದ ರಾಜ್‌ಕುಮಾರ್, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಏರಿ ಸ್ವಂತ ದನಿಯಲ್ಲಿ ಹಾಡಿದಾಗ ಜನ ಬೆರಗಾದರಲ್ಲ!

ಆಟ್ರಿ ಹಾಡುಗಾರರಾಗಿಯೇ ಸಿನಿಮಾಕ್ಕೆ ಬಂದವರು. 1907ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ, ಓಕ್ಲಹೋಮದಲ್ಲಿ ರೈಲ್ವೆಯ ತಂತಿ (ಟೆಲಿಗ್ರಾಫ್) ಕಳಿಸುವ ಕೆಲಸ ಮಾಡಿ, ಶಿಕಾಗೊ ರೇಡಿಯೊದಲ್ಲಿ ಹೆಸರಾದರು. 1934ರಲ್ಲಿ ಕೆನ್ ಮೇನಾರ್ಡ್ ಚಿತ್ರವೊಂದರಲ್ಲಿ ಸಣ್ಣ ಪಾತ್ರ. ಮರುವರ್ಷ 12 ಕಂತುಗಳ ಧಾರಾವಾಹಿ ಚಿತ್ರ, ಅದೇ ವರ್ಷ ರಿಪಬ್ಲಿಕ್ ಕಂಪನಿಯ ನಾಯಕ. ನಟನೆ ಅಷ್ಟಕ್ಕಷ್ಟೇ. ಪಾತ್ರಕ್ಕೂ ಹೆಚ್ಚಾಗಿ ‘ಜೀನ್ ಆಟ್ರಿ’ ಎಂದೇ ಹೆಸರು. ರೇಡಿಯೊ ಕೇಳಿದವರು ಟಿಕೆಟ್ ಕೊಳ್ಳಲು ಅಷ್ಟು ಸಾಕಿತ್ತು.

ಪ್ರಶ್ನೆ: ಆಟ್ರಿ ಇದ್ದ ಜಾಗಕ್ಕೆ ರಾಯ್ ರೋಜರ್ಸ್ ಬಂದದ್ದು ಹೇಗೆ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಕಾಸಿನ ಜಗಳ. ಆಟ್ರಿ ಚಿತ್ರ ಬೇಕೆಂದರೆ ಕಂಪನಿಯ ಬೇರೆ ಚಿತ್ರಗಳನ್ನೂ ಥಿಯೇಟರಿನವರು ಕೊಳ್ಳಬೇಕಿತ್ತು. ಇದಕ್ಕೂ ಸಂಬಳಕ್ಕೂ ಮುನಿಸಿಕೊಂಡು 1938ರಲ್ಲಿ ಅವರು ಶೂಟಿಂಗ್‌ಗೇ ಬರಲಿಲ್ಲ. ಕಂಪನಿ ಲೆನರ್ಡ್ ಸ್ಲೈ ಎಂಬ ಹಾಡುಗಾರನಿಗೆ ರಾಯ್ ರೋಜರ್ಸ್ ಎಂದು ಹೆಸರಿಟ್ಟು ಕುದುರೆ ಹತ್ತಿಸಿತು. ಆಟ್ರಿ ಅದೇ ವರ್ಷ ಮರಳಿದರು. ಆದರೆ 1942ರಲ್ಲಿ ಸೇನೆ ಸೇರಿ ಯುದ್ಧ ಮುಗಿಸಿ ಬರುವಷ್ಟರಲ್ಲಿ ರೋಜರ್ಸ್ ಬಹಳ ಮುಂದಿದ್ದರು. ಆಟ್ರಿ ನಾಯಕರಾಗಿದ್ದ ಕೊನೆಯ ಚಿತ್ರ ಬಂದದ್ದು 1953ರಲ್ಲಿ.

ಪ್ರಶ್ನೆ: ವಿ.ಸಿ. ನಾಲೆ ಏರಿ ಮೇಲೆ ಎತ್ತಿನ ಗಾಡಿ ಹಾಡು ಶೂಟ್ ಮಾಡಿದೆವು. ಸ್ಪೀಕರ್ ಕ್ಯಾಮೆರಾ ಪಕ್ಕದಲ್ಲಿತ್ತು. ದೂರದ ಶಾಟಿನಲ್ಲಿ ತುಟಿ ಹಿಂದೆ ಬೀಳುತ್ತದೆ, ಯಾಕೆ?
– ಕಾಲೇಜು ತಂಡ, ಮಂಡ್ಯ

ಉತ್ತರ: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮಿನ (ಬಿಡಿ ಚಿತ್ರದ) ಲೆಕ್ಕದಲ್ಲಿ ಸುಮಾರು 14 ಮೀಟರಿಗೆ ಒಂದು ಫ್ರೇಮ್ ತಡ. ಗಾಡಿ 28 ಮೀಟರ್ ದೂರವಿದ್ದರೆ ಕ್ಯಾಮೆರಾ ಹಾಡು ಕೇಳಿದ ಎರಡು ಫ್ರೇಮ್ ಆದಮೇಲೆ ನಿಮ್ಮ ಹುಡುಗ ಕೇಳುತ್ತಾನೆ. ಸ್ಪೀಕರನ್ನು ಗಾಡಿಗೆ ಸಾಗಿಸಿದರೆ ಕ್ಯಾಮೆರಾಕ್ಕೇ ಹಾಡು ತಡವಾಗಿ ಕೇಳಿ, ತಪ್ಪು ತಿರುಗುಮುರುಗಾಗುತ್ತದೆ ಅಷ್ಟೇ.

ಹಾಡಿಗೆ ಮುಂಚೆ ತಾಳಕ್ಕೆ ಸರಿಯಾಗಿ ನಾಲ್ಕು ಬೀಪ್ ಸೇರಿಸಿ. ನಾಲ್ಕನೆಯದಕ್ಕೆ ಹಾಡುವವನೇ ಚಪ್ಪಾಳೆ ತಟ್ಟಲಿ, ಪ್ರತಿ ಟೇಕಿಗೂ. ಎಡಿಟಿಂಗ್‌ನಲ್ಲಿ ಅಂಗೈ ಕೂಡುವ ಫ್ರೇಮನ್ನು ಮೂಲ ಹಾಡಿನ ನಾಲ್ಕನೇ ಬೀಪಿಗೆ ಕೂರಿಸಿ. ತುಟಿ ಎಷ್ಟು ತಡವೋ ಚಪ್ಪಾಳೆಯೂ ಅಷ್ಟೇ ತಡ, ಎರಡೂ ಒಟ್ಟಿಗೆ ಸರಿಹೋಗುತ್ತವೆ. ಮೊಬೈಲಿನಲ್ಲಿ ತೆಗೆಯುವುದಾದರೆ ಫ್ರೇಮ್ ದರ ಏರಿಳಿಯದಂತೆ ಸ್ಥಿರವಾಗಿಡಿ. ಇಲ್ಲವಾದರೆ ಪಲ್ಲವಿ ಸರಿಯಿದ್ದರೂ ಚರಣದ ಹೊತ್ತಿಗೆ ಜಾರುತ್ತದೆ. ಹುಡುಗ ಬರೀ ತುಟಿ ಆಡಿಸದೆ ಗಟ್ಟಿಯಾಗಿ ಹಾಡಲಿ. ಕತ್ತಿನ ನರ ಉಬ್ಬದಿದ್ದರೆ ಹತ್ತಿರದ ಶಾಟಿನಲ್ಲಿ ಸುಳ್ಳು ಗೊತ್ತಾಗಿಬಿಡುತ್ತದೆ.