ಆರು ಆಂಪಿಯರ್ ಜಾಗಕ್ಕೆ ಹತ್ತು ಆಂಪಿಯರ್ ಫ್ಯೂಸ್ ಹಾಕಬಹುದೇ?

ಪ್ರಶ್ನೆ: ನನ್ನ ಟ್ರಾವೆಲ್ ಅಡಾಪ್ಟರ್‌ನಲ್ಲಿ 6 ಆಂಪಿಯರ್ ಫ್ಯೂಸ್ ಇದೆ. ಫೋನ್, ಲ್ಯಾಪ್‌ಟಾಪ್ ಚಾರ್ಜ್ ಮಾಡಲು ತೊಂದರೆಯಿಲ್ಲ. ನೀರು ಕಾಯಿಸುವ ಕೆಟಲ್ ಹಾಕಿದರೆ ಮಾತ್ರ ನಾಲ್ಕೈದು ನಿಮಿಷಕ್ಕೆ ಫ್ಯೂಸ್ ಹೋಗುತ್ತದೆ. ಅದೇ ಅಳತೆಯ 10 ಆಂಪಿಯರ್ ಫ್ಯೂಸ್ ಹಾಕು ಎನ್ನುತ್ತಾರೆ ಗೆಳೆಯರು. ಹಾಕಲೇ?

ಉತ್ತರ: ಖಂಡಿತ ಬೇಡ. ಕೆಟಲ್‌ನ ತಳದಲ್ಲಿ ಬರೆದಿರುವ ವ್ಯಾಟ್ ನೋಡಿ, ಅದನ್ನು ವೋಲ್ಟೇಜ್‌ನಿಂದ ಭಾಗಿಸಿ. 2000 ವ್ಯಾಟ್ ಇದ್ದರೆ 230 ವೋಲ್ಟ್‌ನಲ್ಲಿ ಅದು ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಲ್ಯಾಪ್‌ಟಾಪ್‌ನ 65 ವ್ಯಾಟ್ ಚಾರ್ಜರ್ ಅರ್ಧ ಆಂಪಿಯರ್ ಕೂಡ ಮುಟ್ಟುವುದಿಲ್ಲ.

ಗೆಳೆಯರ ಮಾತು ಕೇಳಿದರೆ ಕೆಟಲ್ ಓಡುತ್ತದೆ, ನಿಜ. ಆದರೆ ಫ್ಯೂಸ್ ಕಾಯುತ್ತಿರುವುದು ಕೆಟಲನ್ನಲ್ಲ, ಅಡಾಪ್ಟರ್ ಒಳಗಿನ ತೆಳು ಲೋಹದ ಪಟ್ಟಿಗಳನ್ನು. ಶಾಖವು ಕರೆಂಟಿನ ವರ್ಗಕ್ಕೆ (ಕರೆಂಟನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ತಕ್ಕಂತೆ ಏರುವುದರಿಂದ, 6ರ ಬದಲು 8.7 ಆಂಪಿಯರ್ ಹರಿದರೆ ಆ ಪಟ್ಟಿಗಳಲ್ಲಿ ಹುಟ್ಟುವ ಬಿಸಿ ಎರಡರಷ್ಟಕ್ಕೂ ಹೆಚ್ಚು. ಫ್ಯೂಸ್ ಒಳಗಿನ ತಂತಿಯೂ ಬಿಸಿಯೇರಿಯೇ ಕರಗಬೇಕು. ಓವರ್‌ಲೋಡ್ ಸ್ವಲ್ಪವೇ ಇದ್ದಾಗ ಅದಕ್ಕೆ ನಿಮಿಷಗಳು ಹಿಡಿಯುವುದು ಅದಕ್ಕೇ. ಹಾಕಿದ ಕ್ಷಣವೇ ಹೋಗುತ್ತಿದ್ದರೆ ನನ್ನ ಅನುಮಾನ ಬೇರೆಡೆ ತಿರುಗುತ್ತಿತ್ತು: 120 ವೋಲ್ಟ್‌ನ 1500 ವ್ಯಾಟ್ ಕೆಟಲನ್ನು 230 ವೋಲ್ಟ್‌ಗೆ ಹಾಕಿದರೆ ಅದು 24 ಆಂಪಿಯರ್ ಎಳೆಯಲು ನೋಡುತ್ತದೆ. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ.

ಫ್ಯೂಸ್ ಸರಿಯಾಗಿದ್ದ ಮಾತ್ರಕ್ಕೆ ನೆಮ್ಮದಿಯಾಗಿರಬೇಡಿ. ಪಿನ್ ಸಡಿಲವಾಗಿದ್ದರೆ ಅದು ಫ್ಯೂಸ್‌ಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಿರುವುದಿಲ್ಲ. ಸಡಿಲ ಜಾಗದಲ್ಲಿ 0.4 ಓಮ್ ರೋಧವಿದ್ದು 5 ಆಂಪಿಯರ್ ಹರಿದರೂ 10 ವ್ಯಾಟ್ ಶಾಖ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ! ಪ್ಲಾಸ್ಟಿಕ್ ಕಂದು ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಅಡಾಪ್ಟರನ್ನೇ ಎಸೆಯಿರಿ.

ಕೆಟಲ್ ನೀವು ಹೋದ ಊರಿನ ವೋಲ್ಟೇಜ್‌ನದೇ ಆಗಿದ್ದರೆ, ಅದರ ವೈರ್‌ಗೆ ಅಲ್ಲಿನ ಸಾಕೆಟ್‌ಗೆ ಹೊಂದುವ ಅರ್ತ್ ಪಿನ್ ಇರುವ ಪ್ಲಗ್ ಹಾಕಿಸಿ. ಎಷ್ಟೋ ಟ್ರಾವೆಲ್ ಅಡಾಪ್ಟರ್‌ಗಳಲ್ಲಿ ಅರ್ತ್ ಸಂಪರ್ಕವೇ ಇರುವುದಿಲ್ಲ. ಲೋಹದ ಕೆಟಲ್‌ಗೆ ಅದು ಬೇಕೇ ಬೇಕು. ಸುಟ್ಟ ಫ್ಯೂಸ್ ಬದಲಿಸುವಾಗ ಆಂಪಿಯರ್ ಜೊತೆಗೆ ಬಗೆಯನ್ನೂ ನೋಡಿ. ಮರಳು ತುಂಬಿದ ಸೆರಾಮಿಕ್ ಫ್ಯೂಸ್ ಇದ್ದ ಕಡೆ ಗಾಜಿನದು ಕೂಡದು: ಶಾರ್ಟ್ ಸರ್ಕ್ಯೂಟ್ ಆದಾಗ ಹುಟ್ಟುವ ಕಿಡಿಯನ್ನು ಆ ಮರಳು ನಂದಿಸುತ್ತದೆ, ಗಾಜಿನ ಕೊಳವೆ ಸಿಡಿದುಹೋಗಬಹುದು.