ಸೆಟಲ್ಮೆಂಟ್ ಪೇಪರ್‌ಗೆ ಸೈನ್ ಹಾಕೋ ಮುಂಚೆ

ನೀವು ಬರೆದಿದ್ದು ಓದ್ದೆ. ಅಮೆರಿಕಕ್ಕೆ ಬಂದು ವರ್ಷ ಆಗಿಲ್ಲ, ಮೀಟಿಂಗಲ್ಲಿ ಮ್ಯಾನೇಜರ್ರು ನಿಮ್ಮ ಆಕ್ಸೆಂಟ್ ಆಡ್ಕೊಂಡು ನಕ್ರು, ಎಚ್ಆರ್‌ಗೆ ಮೇಲ್ ಹಾಕಿದ ಮೂರೇ ವಾರಕ್ಕೆ ಪಿಐಪಿ (ಕೆಲಸ ಸುಧಾರಿಸ್ಕೋ, ಇಲ್ಲಾಂದ್ರೆ ತೆಗೀತೀವಿ ಅನ್ನೋ ನೋಟಿಸ್) ಬಂತು, ಈಗ ಕೇಸು ಗೀಸು ಬೇಡ ದುಡ್ಡು ತಗೊಂಡು ಶುಕ್ರವಾರದೊಳಗೆ ಸೈನ್ ಮಾಡಿ ಹೋಗು ಅಂತಿದಾರೆ, ಮಾಡ್ಲಾ ಅಂತ ಕೇಳಿದೀರ.

ಶುಕ್ರವಾರ ಮಾಡ್ಬೇಡಿ. ಅದು ಅವರಿಟ್ಟ ಗಡುವು, ಕಾನೂನಿಂದಲ್ಲ. ಕಾನೂನಿಂದು ಬೇರೆ ಇದೆ, ಇಇಒಸಿಗೆ (ಕೆಲಸದಲ್ಲಿ ತಾರತಮ್ಯದ ದೂರು ನೋಡೋ ಅಮೆರಿಕ ಸರ್ಕಾರದ ಸಂಸ್ಥೆ) ಕಂಪ್ಲೇಂಟ್ ಕೊಡೋಕೆ ಘಟನೆ ಆದ ದಿನದಿಂದ 180 ದಿನ, ತುಂಬಾ ಸ್ಟೇಟ್‌ಗಳಲ್ಲಿ 300, ಆಮೇಲೆ ಅವರು ರೈಟ್ ಟು ಸೂ ಲೆಟರ್ (ನೀವೇ ಕೇಸ್ ಹಾಕ್ಬಹುದು ಅನ್ನೋ ಪತ್ರ) ಕೊಟ್ಟ ಮೇಲೆ ಕೋರ್ಟಿಗೆ ಹೋಗೋಕೆ 90 ದಿನ. ಎಚ್ಆರ್ ಜೊತೆ ಮಾತುಕತೆ ನಡೀತಿದೆ ಅಂತ ಸುಮ್ನಿದ್ರೆ ಈ ದಿನಗಳು ಕಳ್ದೇ ಹೋಗ್ತವೆ.

ನನ್ನದೂ ಹೆಚ್ಚುಕಮ್ಮಿ ಇದೇ ಕಥೆ, ಹನ್ನೆರಡು ವರ್ಷ ಆಯ್ತು. ನಮ್ ಲಾಯರಮ್ಮ ಮೊದಲ್ನೇ ದಿನ ಕೇಳಿದ್ದು ಎರಡೇ ತಾರೀಖು, ಎಚ್ಆರ್‌ಗೆ ಕಂಪ್ಲೇಂಟ್ ಯಾವತ್ತು, ಪಿಐಪಿ ಯಾವತ್ತು. ಮ್ಯಾನೇಜರ್ ಮನಸಲ್ಲಿ ಏನಿತ್ತು ಅಂತ ಸಾಬೀತು ಮಾಡೋದು ಕಷ್ಟ, ಆದ್ರೆ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸ್ಕೊಂಡ್ರು ಅನ್ನೋದಕ್ಕೆ ತಾರೀಖುಗಳೇ ಅರ್ಧ ಸಾಕ್ಷಿ. ಇಇಒಸಿಗೆ ಬರೋದ್ರಲ್ಲಿ ಈ ರಿಟ್ಯಾಲಿಯೇಶನ್ ದೂರುಗಳೇ ಜಾಸ್ತಿ.

ಮೀಡಿಯೇಶನ್ (ಮಧ್ಯಸ್ಥರನ್ನಿಟ್ಕೊಂಡು ರಾಜಿ ಮಾತುಕತೆ) ದಿನ ನಾವೊಂದು ರೂಮು, ಅವರೊಂದು ರೂಮು, ಮಧ್ಯ ಮೀಡಿಯೇಟರ್ ಹಳದಿ ಪ್ಯಾಡ್ ಹಿಡ್ಕೊಂಡು ಬೆಳಗ್ಗೆಯಿಂದ ಓಡಾಡ್ತಿದ್ರು, ಅವರು ಕೊಡ್ತೀವಿ ಅಂದ ಮೊದಲ ನಂಬರ್ ಕೇಳಿ ನಂಗೆ ಅಳು ಬಂದಿತ್ತು, ಸಂಜೆ ನಾವು ಕೋಟ್ ಹಾಕ್ಕೊಂಡು ಎದ್ದಾಗ ಸ್ವಲ್ಪ ಏರ್ತು. ಎಷ್ಟು ಅಂತ ಮಾತ್ರ ಕೇಳ್ಬೇಡಿ, ಹೇಳಲ್ಲ ಅಂತ ಬರ್ಕೊಟ್ಟಿದೀನಿ 😀 ಉದಾಹರಣೆಗೆ 1,00,000 ಡಾಲರ್ ಅಂತ ಇಟ್ಕೊಳ್ಳಿ. ಲಾಯರ್‌ಗೆ 40 ಪರ್ಸೆಂಟ್ ಅಂದ್ರೆ 40,000 ಹೋಯ್ತು, ಉಳಿದಿದ್ರಲ್ಲಿ ಸಂಬಳದ ಬಾಬ್ತು ಡಬ್ಲ್ಯೂ-2 (ಸಂಬಳದ ಟ್ಯಾಕ್ಸ್ ಫಾರ್ಮ್) ಮೇಲೆ ಟ್ಯಾಕ್ಸ್ ಮುರ್ಕೊಂಡೇ ಬರತ್ತೆ, ಮನಸ್ಸಿಗಾದ ನೋವಿನ ಬಾಬ್ತು 1099 (ಸಂಬಳ ಅಲ್ಲದ ಆದಾಯದ ಫಾರ್ಮ್) ಮೇಲೆ, ಅದಕ್ಕೂ ಟ್ಯಾಕ್ಸ್ ಇದೆ. ಲಾಯರ್ ಫೀಸನ್ನ ಆದಾಯದಿಂದ ಕಳೀಬಹುದು, 2004ರಿಂದ ಆ ಕಾನೂನಿದೆ, ನಿಮ್ಮ ಸಿಪಿಎಗೆ (ಟ್ಯಾಕ್ಸ್ ನೋಡೋ ಅಕೌಂಟೆಂಟ್) ನೆನಪು ಮಾಡಿ.

ನಾನು ಎಡವಿದ್ದು ಬೇರೆ ಕಡೆ. ನಂಬರ್‌ಗೇ ದಿನವಿಡೀ ಜಗಳ ಆಡಿ ರೆಫರೆನ್ಸ್ ಬಗ್ಗೆ ಒಂದು ಸಾಲೂ ಬರೆಸ್ಲಿಲ್ಲ. ಆಮೇಲೆ ಎರಡು ಕಡೆ ಆಫರ್ ತನಕ ಬಂದು, ಹಳೇ ಆಫೀಸಿಗೆ ಫೋನ್ ಹೋದ ಮೇಲೆ ಸದ್ದೇ ಇಲ್ಲ. ಯಾರಾದ್ರೂ ಕೇಳಿದ್ರೆ ಹುದ್ದೆ, ಸೇರಿದ ದಿನ, ಬಿಟ್ಟ ದಿನ ಇಷ್ಟೇ ಹೇಳ್ಬೇಕು, ಯಾರು ಹೇಳ್ಬೇಕು ಅನ್ನೋದೂ ಸೇರಿ ಬರೆಸ್ಕೊಳ್ಳಿ. ಇಬ್ಬರೂ ಒಬ್ರನ್ನೊಬ್ರು ದೂರಬಾರದು ಅಂತಿರಲಿ, ಅವರ ಡ್ರಾಫ್ಟಲ್ಲಿ ನಿಮಗೊಬ್ರಿಗೇ ಬಾಯಿಕಟ್ಟು ಹಾಕಿರ್ತಾರೆ. ಕೆಲಸದ ಕೊನೇ ದಿನ ಯಾವ್ದು ಅಂತಾನೂ ನೋಡಿ, ಎಚ್1ಬಿ ವೀಸಾ ಅಂದ್ರಿ, ಬೇರೆ ಕೆಲಸ ಹುಡ್ಕೋಕೆ ಇಲ್ಲಾ ದೇಶ ಬಿಡೋಕೆ ಅಲ್ಲಿಂದ ಹೆಚ್ಚಂದ್ರೆ 60 ದಿನ ಅಷ್ಟೇ.

ಇನ್ನೊಂದು, ಗಾಬರಿಲಿ ಆಫೀಸ್ ಫೈಲ್‌ಗಳನ್ನೆಲ್ಲ ನಿಮ್ಮ ಜಿಮೇಲ್‌ಗೆ ಕಳಿಸ್ಕೋಬೇಡಿ, ಅದನ್ನೇ ಹಿಡ್ಕೊಂಡು ನಿಮ್ಮ ಮೇಲೆ ತಿರುಗಿ ಬೀಳ್ತಾರೆ. ಯಾವತ್ತು ಯಾರು ಏನಂದ್ರು, ಮನೇಲಿ ಕೂತು ಸ್ವಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಅದನ್ನ ತಗೊಂಡು ಗುರುವಾರದೊಳಗೆ ಒಬ್ಬ ಎಂಪ್ಲಾಯ್ಮೆಂಟ್ ಲಾಯರ್ ಹತ್ರ ಹೋಗ್ಬನ್ನಿ.